ಎಲ್ಲಿ ನಿಂತು ಕೇಳಿದಿರಿ?

1965ರ ಆಗಸ್ಟ್ 15, ಭಾನುವಾರ ರಾತ್ರಿ, ನ್ಯೂಯಾರ್ಕಿನ ಶೇ ಸ್ಟೇಡಿಯಂ. ಬೀಟಲ್ಸ್ ನೋಡಲು ಬಂದವರು ಸುಮಾರು 55,600 ಮಂದಿ, ಬಹುಪಾಲು ಹದಿಹರೆಯದವರು. ಹನ್ನೆರಡು ಹಾಡು, ಹೆಚ್ಚುಕಡಿಮೆ ಅರ್ಧ ಗಂಟೆ, ಅಲ್ಲಿಗೆ ಮುಗಿಯಿತು. ಗಿಟಾರುಗಳಿಗೆ ವಾಕ್ಸ್ ಕಂಪನಿಯ 100 ವಾಟ್‌ನ ಆಂಪ್ಲಿಫೈಯರ್‌ಗಳಿದ್ದವು. ಹಾಡುವ ದನಿಗೆ ಸಿಕ್ಕಿದ್ದು ಬೇಸ್‌ಬಾಲ್ ಆಟದ ನಡುವೆ ಪ್ರಕಟಣೆ ಕೂಗಲು ಹಾಕಿಸಿದ್ದ ಕ್ರೀಡಾಂಗಣದ ಸ್ಪೀಕರ್‌ಗಳು. ಮನುಷ್ಯರ ಕಿವಿ ಅತಿ ಚುರುಕಾಗಿರುವುದು 2,000ದಿಂದ 5,000 ಹರ್ಟ್ಜ್‌ನ ಆಸುಪಾಸಿನಲ್ಲಿ. ಹದಿಹರೆಯದ ಗಂಟಲಿನ ಕಿರುಚಾಟದ ಬಲವೂ ಬಹುತೇಕ ಅಲ್ಲೇ ಬೀಳುತ್ತದೆ. ಐವತ್ತೈದು ಸಾವಿರ ಗಂಟಲುಗಳ ಎದುರು 100 ವಾಟ್ ಯಾವ ಮೂಲೆಗೆ? ಹೆಚ್ಚಿನವರಿಗೆ ಹಾಡು ಸರಿಯಾಗಿ ಕೇಳಿಸಲೇ ಇಲ್ಲ. ಹಾಡುವವರ ಕಡೆ ಮುಖ ಮಾಡಿದ ಮಾನಿಟರ್ ಸ್ಪೀಕರ್‌ಗಳೂ ಇರಲಿಲ್ಲವಾದ್ದರಿಂದ ವೇದಿಕೆಯ ಮೇಲಿದ್ದ ನಾಲ್ವರಿಗೂ ತಮ್ಮ ದನಿ ತಮಗೆ ಕೇಳುತ್ತಿರಲಿಲ್ಲ.

ಆದರೂ ಅದು ಜಗತ್ತು ಮರೆಯದ ಕಾರ್ಯಕ್ರಮಗಳಲ್ಲಿ ಒಂದು. ಕೇಳಿಸದ ಸಂಗೀತವನ್ನು ಜನ ಜೀವಮಾನವಿಡೀ ನೆನಪಿಟ್ಟುಕೊಂಡಿದ್ದಾರೆ. ಇನ್ನೂ ತಮಾಷೆಯೆಂದರೆ, ಆ ರಾತ್ರಿಯ ಟಿವಿ ಚಿತ್ರಕ್ಕೆ ಧ್ವನಿ ಸಾಲದೆ 1966ರ ಜನವರಿಯಲ್ಲಿ ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ಕೆಲವು ಭಾಗಗಳನ್ನು ಮತ್ತೆ ನುಡಿಸಿ, ಹಾಡಿ ಸೇರಿಸಿದರು. ಅಂದರೆ ಅಲ್ಲಿ ಇಲ್ಲದವರು ಮನೆಯಲ್ಲಿ ಕೂತು ಕೇಳಿದ್ದೇ ಅಲ್ಲಿದ್ದವರು ಕೇಳಿದ್ದಕ್ಕಿಂತ ಚೆನ್ನಾಗಿತ್ತು.

ಹರೆಯದಲ್ಲಿ ನೋಡಿದ ಕನ್ಸರ್ಟ್‌ನ ಮಾತು ಬಂದಾಗ ಎಲ್ಲರೂ ಕೇಳುವುದು ಯಾರದ್ದು, ಯಾವ ವರ್ಷ, ಏನೇನು ಹಾಡಿದರು ಅಂತ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಅಂತ ನನಗನ್ನಿಸುತ್ತದೆ: ಎಲ್ಲಿ ನಿಂತಿದ್ದಿರಿ? ಯಾಕೆಂದರೆ ಒಂದೇ ರಾತ್ರಿ, ಒಂದೇ ಬಯಲು, ಒಂದೇ ತಂಡ ಆದರೂ ವೇದಿಕೆಯ ಮುಂದಿನ ತಡೆಗಂಬಿಗೆ ಒರಗಿ ನಿಂತವರು ಕೇಳಿದ್ದೊಂದು, ನೂರು ಮೀಟರ್ ಹಿಂದೆ ಗೆಳೆಯನ ಹೆಗಲೇರಿ ನೋಡಿದವರು ಕೇಳಿದ್ದು ಇನ್ನೊಂದು. ಮೂವತ್ತು ವರ್ಷ ಕಳೆದು ಇಬ್ಬರೂ ವಾದಕ್ಕೆ ಬಿದ್ದರೆ ಇಬ್ಬರ ಮಾತೂ ನಿಜವಿರುತ್ತದೆ.

ಕಂಬಿಯಿಂದಲೇ ಶುರು ಮಾಡೋಣ, ಎಳೆಯ ಅಭಿಮಾನಿಗಳು ಬೆಳಗಿನಿಂದ ಸಾಲು ನಿಂತು ಹಿಡಿಯುವ ಜಾಗ ಅದೇ ತಾನೆ. ಅಲ್ಲಿ ಹಾಡುವವರ ಬೆವರು ಕಾಣುತ್ತದೆ, ಮಾತು ಮಾತ್ರ ಮಸುಕು. ಮುಖ್ಯ ಸ್ಪೀಕರ್‌ಗಳನ್ನು ವೇದಿಕೆಯ ಎರಡು ಬದಿಗೆ, ಎತ್ತರದಲ್ಲಿ ತೂಗು ಹಾಕಿರುತ್ತಾರೆ. ಅವುಗಳ ಗುರಿ ದೂರದ ಜನ. ಕಂಬಿಯ ಬಳಿ ಇರುವವರ ತಲೆಯ ಮೇಲಿಂದ ಆ ದನಿ ಹಾದುಹೋಗುತ್ತದೆ. ಅವರಿಗೆ ನೇರವಾಗಿ ತಲುಪುವುದು ಡ್ರಮ್ಮಿನ ತಾಳದ ತಟ್ಟೆಗಳು, ಗಿಟಾರಿನ ಸ್ವಂತ ಆಂಪ್ಲಿಫೈಯರ್, ಮತ್ತೆ ಎದೆ ಮಟ್ಟದಲ್ಲಿ ಬಡಿಯುವ ಬೇಸ್. ಈ ಕೊರತೆ ತುಂಬಲು ವೇದಿಕೆಯ ಅಂಚಿನಲ್ಲಿ ಸಣ್ಣ ಸ್ಪೀಕರ್‌ಗಳನ್ನು ಇಡುತ್ತಾರೆ, ಫ್ರಂಟ್ ಫಿಲ್ ಅಂತ ಅವುಗಳ ಹೆಸರು. ಅವು ಇಲ್ಲದಿದ್ದರೆ, ಅಥವಾ ಅವುಗಳ ಮುಂದೆ ಕ್ಯಾಮೆರಾದವರು ನಿಂತುಬಿಟ್ಟರೆ, ಹಾಡಿನ ಸಾಹಿತ್ಯ ಬಾಯಿಪಾಠ ಇದ್ದವರಿಗೆ ಮಾತ್ರ ಅರ್ಥವಾಗುತ್ತದೆ. ಎಳೆಯ ಅಭಿಮಾನಿಗೆ ಅದು ಇದ್ದೇ ಇರುತ್ತದಲ್ಲ, ಹಾಗಾಗಿ ಕೊರತೆ ಗೊತ್ತಾಗುವುದಿಲ್ಲ. ಕೇಳದ ಸಾಲನ್ನು ತಲೆಯೇ ತುಂಬಿಕೊಡುತ್ತದೆ. ಮುಂದಿನ ಸಾಲಿನ ನೆನಪುಗಳಲ್ಲಿ ಧ್ವನಿ ಅಷ್ಟು ಸ್ಪಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ.

ಬೇಸ್‌ನದ್ದು ಇನ್ನೊಂದು ಕಥೆ. ಭಾರೀ ತಗ್ಗು ದನಿಯ ಸಬ್‌ವೂಫರ್‌ಗಳನ್ನು ವೇದಿಕೆಯ ಎಡಕ್ಕೊಂದು ರಾಶಿ, ಬಲಕ್ಕೊಂದು ರಾಶಿ ಪೇರಿಸಿದರೆ ಎರಡೂ ಕಡೆಯ ಅಲೆಗಳು ಕೆಲವೆಡೆ ಕೂಡಿಕೊಳ್ಳುತ್ತವೆ, ಕೆಲವೆಡೆ ಒಂದನ್ನೊಂದು ಕೊಲ್ಲುತ್ತವೆ. ಸರಿಯಾಗಿ ನಡುಗೆರೆಯಲ್ಲಿ ನಿಂತವರಿಗೆ ಎರಡೂ ಒಟ್ಟಿಗೆ ತಲುಪುವುದರಿಂದ ಎದೆಗೂಡೇ ಅದುರುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿದರೆ ಅದೇ ಬೇಸ್ ಸೊರಗುತ್ತದೆ, ಇನ್ನೂ ಸರಿದರೆ ಮರಳಿ ಬರುತ್ತದೆ. 60 ಹರ್ಟ್ಜ್‌ನ ಒಂದು ಅಲೆಯ ಉದ್ದ ಸುಮಾರು 5.7 ಮೀಟರ್. ಆದ್ದರಿಂದ ‘ಈ ಕಾರ್ಯಕ್ರಮದಲ್ಲಿ ಬೇಸೇ ಇಲ್ಲ’ ಅನ್ನಿಸಿದರೆ ಎಂಜಿನಿಯರನ್ನು ಬೈಯುವ ಮೊದಲು ಎರಡು ಮೂರು ಮೀಟರ್ ಪಕ್ಕಕ್ಕೆ ನಡೆದು ನೋಡಿ.

ಎಲ್ಲಕ್ಕಿಂತ ಚೆನ್ನಾಗಿ ಕೇಳುವ ಜಾಗ ಯಾವುದು ಅಂತ ಗುಟ್ಟೇನಿಲ್ಲ: ಮಿಕ್ಸಿಂಗ್ ಡೆಸ್ಕ್ ಇಟ್ಟ ಕಟಕಟೆಯ ಪಕ್ಕ, ಸಾಧ್ಯವಾದರೆ ಅದರ ಮುಂದೆ. ದೊಡ್ಡ ಬಯಲುಗಳಲ್ಲಿ ಅದು ವೇದಿಕೆಯಿಂದ ಮೂವತ್ತು ನಲವತ್ತು ಮೀಟರ್ ಹಿಂದಿರುವುದು ಸಾಮಾನ್ಯ. ಧ್ವನಿ ಹದಗೊಳಿಸುವವರು ಅಲ್ಲೇ ನಿಂತು, ತಮ್ಮ ಕಿವಿಗೆ ಸರಿ ಕಾಣುವಂತೆ ಎಲ್ಲವನ್ನೂ ಹೊಂದಿಸುತ್ತಾರೆ. ಹದಿನಾರರ ವಯಸ್ಸಿನಲ್ಲಿ ಯಾರೂ ಅಲ್ಲಿ ನಿಲ್ಲುವುದಿಲ್ಲ ಅನ್ನುವುದು ಬೇರೆ ಮಾತು. ಅಲ್ಲಿ ಕೈಕಟ್ಟಿ ನಿಂತು ತಲೆಯಾಡಿಸುವವರು ನಲವತ್ತು ದಾಟಿದವರು.

ಇನ್ನು ಹಿಂದಿನವರು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಸಾಗುತ್ತದೆ. ನೂರು ಮೀಟರ್ ಹಿಂದೆ ಇರುವವರಿಗೆ ಡ್ರಮ್ಮಿನ ಪೆಟ್ಟು ತಲುಪಲು 0.29 ಸೆಕೆಂಡ್ ಬೇಕು. ಕಡ್ಡಿ ಕೆಳಗಿಳಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ. ಅದಕ್ಕಾಗಿ ಬಯಲಿನ ನಡುವೆ ಕಂಬ ನಿಲ್ಲಿಸಿ ಇನ್ನಷ್ಟು ಸ್ಪೀಕರ್ ಕಟ್ಟಿರುತ್ತಾರೆ. ಆ ಸ್ಪೀಕರ್‌ಗಳಿಗೆ ದನಿಯನ್ನು ತಂತಿಯ ವೇಗದಲ್ಲೇ ಕಳಿಸಿದರೆ ಎರಡೆರಡು ಸಲ ಕೇಳಿ ರಾಡಿಯಾಗುತ್ತದೆ. ಹಾಗಾಗಿ ಬೇಕೆಂದೇ ತಡ ಮಾಡುತ್ತಾರೆ: ಕಂಬ 50 ಮೀಟರ್ ದೂರವಿದ್ದರೆ ಸುಮಾರು 146 ಮಿಲಿಸೆಕೆಂಡ್, ಮೇಲೆ ಇನ್ನೊಂದು ಹತ್ತಿಪ್ಪತ್ತು. ಆ ಹೆಚ್ಚುವರಿ ಯಾಕೆ? ಒಂದೇ ಸದ್ದು ಎರಡು ಕಡೆಯಿಂದ ತುಸು ಅಂತರದಲ್ಲಿ ಬಂದರೆ, ಮೊದಲು ಬಂದ ದಿಕ್ಕಿನಿಂದಲೇ ಎಲ್ಲವೂ ಬಂತು ಅಂತ ಕಿವಿ ತೀರ್ಮಾನಿಸುತ್ತದೆ. ಸಂಶೋಧಕ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ಅಳೆದು ತೋರಿಸಿದ. ಪಕ್ಕದ ಕಂಬದಿಂದ ಬರುವ ದನಿಯೂ ವೇದಿಕೆಯಿಂದಲೇ ಬಂದಂತೆ ಅನ್ನಿಸುವುದು ಹೀಗೆ. ಲೆಕ್ಕ ತಪ್ಪಿದ ದಿನ ಹಿಂದಿನವರಿಗೆ ಗಾಯಕ ಕಂಬದೊಳಗೆ ಕೂತು ಹಾಡಿದ ಹಾಗಿರುತ್ತದೆ.

ಚಪ್ಪಾಳೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಹಾಡಿಗೆ ಪೆಟ್ಟಿನಿಂದ ಪೆಟ್ಟಿಗೆ ಅರ್ಧ ಸೆಕೆಂಡ್. ನೂರು ಮೀಟರ್ ಹಿಂದಿನವರು ತಮಗೆ ಕೇಳಿದ ತಾಳಕ್ಕೆ ಸರಿಯಾಗಿಯೇ ತಟ್ಟುತ್ತಾರೆ, ಆದರೆ ವೇದಿಕೆಗಿಂತ 0.29 ಸೆಕೆಂಡ್ ತಡ. ಆ ಚಪ್ಪಾಳೆ ಮರಳಿ ವೇದಿಕೆ ಸೇರಲು ಮತ್ತೆ 0.29. ಅಂದರೆ ಹಾಡುವವರ ಕಿವಿಗೆ ಒಂದು ಪೆಟ್ಟಿಗಿಂತಲೂ ಹೆಚ್ಚು ತಡ. ಜನರ ಚಪ್ಪಾಳೆ ಹಿಡಿದು ನುಡಿಸಿದ ಡ್ರಮ್ಮರ್ ಕೆಟ್ಟ ಅಂತಲೇ ಲೆಕ್ಕ. ಕಿವಿಯೊಳಗಿನ ಮಾನಿಟರ್ ಬಂದ ಮೇಲೆ ಈ ಕಾಟ ತಗ್ಗಿತು, ಬೇರೆ ಕಾಟ ಶುರುವಾಯಿತು: ಕಿವಿ ಮುಚ್ಚಿದ ಗಾಯಕರಿಗೆ ಜನರ ಸದ್ದೇ ಇಲ್ಲ. ಅದಕ್ಕೇ ವೇದಿಕೆಯ ಅಂಚಿನಲ್ಲಿ ಜನರತ್ತ ಮುಖ ಮಾಡಿದ ಮೈಕುಗಳನ್ನಿಟ್ಟು ಆ ಸದ್ದನ್ನು ಅವರ ಕಿವಿಗೆ ಬೆರೆಸುತ್ತಾರೆ. ಅದೂ ಸಾಲದೆ ಒಂದು ಕಡೆಯದನ್ನು ಕಿತ್ತು ಹೆಗಲ ಮೇಲೆ ಇಳಿಬಿಟ್ಟು ಜನರತ್ತ ಮೈಕ್ ಚಾಚುವ ದೃಶ್ಯ ಯಾವ ಅಭಿಮಾನಿ ಮರೆತಾನು? ಜನರ ದನಿ ಕೇಳಲೆಂದೇ ಮಾಡುವ ಕೆಲಸ ಅದು, ನಾಟಕ ಅಂದುಕೊಳ್ಳಬೇಡಿ. ತೆರೆದ ಕಿವಿಗೆ ಗದ್ದಲ ನುಗ್ಗುವುದರಿಂದ ಇನ್ನೊಂದು ಕಿವಿಯ ವಾಲ್ಯೂಮ್ ಏರಿಸಬೇಕಾಗುತ್ತದೆ ಅನ್ನುವ ಅಪಾಯ ಮಾತ್ರ ಕೆಳಗಿನವರಿಗೆ ಕಾಣುವುದಿಲ್ಲ.

‘ಕತ್ತಲಾಗುತ್ತಾ ಸಂಗೀತ ದೊಡ್ಡದಾಯಿತು’ ಅಂತ ಬಯಲು ಕನ್ಸರ್ಟ್‌ಗೆ ಹೋದ ಬಹಳ ಜನ ಹೇಳುತ್ತಾರೆ. ಉತ್ಸಾಹದ ಮಾತು ಅಂತ ತಳ್ಳಿಹಾಕಬೇಡಿ. ಬಿಸಿಲಿರುವಾಗ ನೆಲದ ಬಳಿಯ ಗಾಳಿ ಬಿಸಿ, ಮೇಲಿನದು ತಂಪು. ಶಬ್ದ ಮೇಲಕ್ಕೆ ಬಾಗಿ ಹಿಂದಿನವರ ತಲೆ ದಾಟಿ ಹೋಗುತ್ತದೆ. ಸೂರ್ಯ ಮುಳುಗಿ ನೆಲ ಆರಿದ ಮೇಲೆ ಇದು ತಿರುಗುಮುರುಗಾಗಿ ಶಬ್ದ ಕೆಳಕ್ಕೆ ಬಾಗುತ್ತದೆ, ದೂರದವರೆಗೆ ಕೇಳುತ್ತದೆ. ಮುಖ್ಯ ತಂಡ ವೇದಿಕೆಗೆ ಬರುವುದೂ ಆ ಹೊತ್ತಿಗೇ. ಸಂಜೆಯ ತಂಡಗಳು ಸಪ್ಪೆಯಾಗಿದ್ದವು ಅನ್ನುವ ನೆನಪಿನಲ್ಲಿ ಒಂದಷ್ಟು ಪಾಲು ಹವೆಯದ್ದೂ ಇದೆ, ಪಾಪ.

ಮುಚ್ಚಿದ ಕಾಂಕ್ರೀಟ್ ಒಳಾಂಗಣಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಆಟಕ್ಕೆಂದು ಕಟ್ಟಿದ ಜಾಗದಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಸೆಕೆಂಡುಗಟ್ಟಲೆ ಸಾಯದೆ ಉಳಿಯುತ್ತದೆ. ವೇಗದ ಹಾಡುಗಳು ಕಲಸಿಹೋಗುತ್ತವೆ, ನಿಧಾನದವು ಮೆರೆಯುತ್ತವೆ. ಖಾಲಿ ಸಭಾಂಗಣದಲ್ಲಿ ಮಧ್ಯಾಹ್ನ ಮಾಡಿದ ಸೌಂಡ್‌ಚೆಕ್ ರಾತ್ರಿ ಕೆಲಸಕ್ಕೆ ಬರುವುದಿಲ್ಲ. ಮನುಷ್ಯರ ಮೈ ಮತ್ತು ಬಟ್ಟೆ ಎತ್ತರದ ಶ್ರುತಿಯ ದನಿಗಳನ್ನು ಹೀರಿಕೊಳ್ಳುತ್ತವೆ. ಮೊದಲ ಹಾಡು ಯಾವಾಗಲೂ ಸ್ವಲ್ಪ ಕೆಟ್ಟದಾಗಿಯೇ ಕೇಳುವುದಕ್ಕೆ ಇದು ಕಾರಣ. ಎಂಜಿನಿಯರ್ ತುಂಬಿದ ಸಭಾಂಗಣಕ್ಕೆ ಹೊಂದಿಕೊಳ್ಳುತ್ತಿರುತ್ತಾರೆ. ಅನುಭವಿ ತಂಡಗಳು ಎಲ್ಲರಿಗೂ ಗೊತ್ತಿರುವ ದೊಡ್ಡ ಹಾಡನ್ನು ಮೊದಲಿಗೇ ಖರ್ಚು ಮಾಡದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಕಿವಿಯ ಆಚೆಗೂ ಮೈ ಕೇಳುತ್ತಿರುತ್ತದೆ. 2022ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ನನಗೆ ಬಹಳ ಇಷ್ಟ. ನಿಜವಾದ ಎಲೆಕ್ಟ್ರಾನಿಕ್ ಸಂಗೀತ ಕಾರ್ಯಕ್ರಮವೊಂದರಲ್ಲಿ, ಕೇಳಿದರೂ ಗುರುತಿಸಲಾಗದಷ್ಟು ತಗ್ಗಿನ, 8ರಿಂದ 37 ಹರ್ಟ್ಜ್‌ನ ದನಿಯನ್ನು ಆಗಾಗ ಹಾಕಿ, ಆರಿಸಿ, ಜನರ ತಲೆಗೆ ಕಟ್ಟಿದ ಪಟ್ಟಿಗಳಿಂದ ಅವರ ಚಲನೆ ಅಳೆದರು. ಆ ದನಿ ಇದ್ದಾಗ ಜನ ಸರಾಸರಿ 11.8 ಶೇಕಡಾ ಹೆಚ್ಚು ಕುಣಿದಿದ್ದರು, ಯಾಕೆಂದು ತಿಳಿಯದೆಯೇ. ಮನೆಯ ಸ್ಪೀಕರಿನಲ್ಲಿ ಅದೇ ಹಾಡು ಹಾಕಿ ‘ಅವತ್ತಿನ ಹಾಗಿಲ್ಲ’ ಅಂತ ನಿಟ್ಟುಸಿರಿಡುವವರಿಗೆ ಅರ್ಧ ಉತ್ತರ ಇಲ್ಲಿದೆ. ಆ ತಗ್ಗು ದನಿಯನ್ನು ಹೊರಡಿಸುವ ತಾಕತ್ತು ಮನೆಯ ಸಣ್ಣ ಪೆಟ್ಟಿಗೆಗಳಿಗಿಲ್ಲ.

ಮತ್ತೆ ಕಿವಿಯೊಳಗಿನ ಆ ಗುಂಯ್. ಹರೆಯದ ಮೊದಲ ಕನ್ಸರ್ಟ್‌ನ ನೆನಪು ಹೇಳುವವರು ನಗುತ್ತಾ ಹೇಳುವ ವಿಷಯ: ‘ಮಾರನೇ ದಿನವಿಡೀ ಕಿವಿಗೆ ಹತ್ತಿ ತುರುಕಿದ ಹಾಗಿತ್ತು.’ ಬಿರುದಿನ ಹಾಗೆ ಹೇಳಿಕೊಳ್ಳುತ್ತಾರೆ. ಒಂದೊಂದು ಕಿವಿಯೊಳಗೆ ಕೇಳುವಿಕೆಗೆ ಬೇಕಾದ ಸುಮಾರು 3,500 ಒಳ ಕೂದಲುಕೋಶಗಳೂ 12,000 ಹೊರ ಕೂದಲುಕೋಶಗಳೂ ಇರುತ್ತವೆ; ಸತ್ತರೆ ಮತ್ತೆ ಹುಟ್ಟುವುದಿಲ್ಲ. ಒಂದೆರಡು ದಿನದಲ್ಲಿ ಕೇಳುವಿಕೆ ಮರಳಿತು ಅಂದರೆ ಎಲ್ಲ ಸರಿಹೋಯಿತು ಅಂತ ಮೊದಲು ನಂಬಿದ್ದರು. 2009ರಲ್ಲಿ ಕುಜಾವಾ ಮತ್ತು ಲಿಬರ್ಮನ್ ಇಲಿಗಳ ಮೇಲೆ ಮಾಡಿದ ಕೆಲಸ ಆ ನಂಬಿಕೆಯನ್ನು ಅಲುಗಾಡಿಸಿತು: ಕೇಳುವ ಮಟ್ಟ ಪೂರ್ತಿ ಮರಳಿದ ಮೇಲೂ ಕೋಶದಿಂದ ನರಕ್ಕೆ ಹೋಗುವ ಬೆಸುಗೆಗಳು ಕಳಚಿಹೋಗಿದ್ದವು.

ಲೆಕ್ಕ ಸುಲಭ. ಅಮೆರಿಕದ ಕೆಲಸಗಾರರ ಸುರಕ್ಷತೆಯ ಸಂಸ್ಥೆ ನಿಯಾಶ್ ಪ್ರಕಾರ ದಿನಕ್ಕೆ 85 ಡೆಸಿಬೆಲ್‌ನಲ್ಲಿ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಸ್ಥಳಗಳಿಗೆ ಸೂಚಿಸಿದ ಮಿತಿಯಲ್ಲೂ 100 ಮತ್ತು 15 ಬರುತ್ತವೆ, ಆದರೆ ಅರ್ಥ ಬೇರೆ: ಯಾವುದೇ 15 ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು ಅಂತ ಅದು. ಎರಡು ಗಂಟೆ ಅಲ್ಲಿ ನಿಂತರೆ ಕಿವಿ ಕ್ಷೇಮ ಅಂತ ಅದರರ್ಥವಲ್ಲ. ಈ ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ.

ಈಗಿನ ಎಳೆಯ ಅಭಿಮಾನಿಯನ್ನು ಕರೆದೊಯ್ಯುವವರು ಕಿವಿಬಿರಡೆ ಇಟ್ಟುಕೊಳ್ಳಿ. ಹಳದಿ ಫೋಮಿನವು ತಡೆಯುತ್ತವೆ, ಆದರೆ ಎತ್ತರದ ಶ್ರುತಿಯ ದನಿಗಳನ್ನೇ ಹೆಚ್ಚು ತಿಂದು ಎಲ್ಲವನ್ನೂ ಕಂಬಳಿಯೊಳಗಿನಿಂದ ಕೇಳಿದಂತೆ ಮಾಡುತ್ತವೆ. ಸಂಗೀತಕ್ಕೆಂದೇ ಮಾಡಿದ ಫಿಲ್ಟರ್ ಬಿರಡೆಗಳು 15–20 ಡೆಸಿಬೆಲ್‌ನಷ್ಟು ಎಲ್ಲ ದನಿಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತವೆ. ಫೋಮಿನದ್ದಾದರೆ ಸಣ್ಣ ಕಡ್ಡಿಯ ಹಾಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಹಿಗ್ಗುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಆಮೇಲೆ ಎರಡೂ ಅಂಗೈಯಿಂದ ಕಿವಿ ಮುಚ್ಚಿ ನೋಡಿ. ಸದ್ದು ಇನ್ನೂ ಎದ್ದು ಕಾಣುವಂತೆ ಇಳಿದರೆ ಬಿರಡೆ ಸರಿ ಕೂತಿಲ್ಲ. ಮತ್ತೆ ‘ನನ್ನಿಷ್ಟದ ಹಾಡು ಬಂತು’ ಅಂತ ತೆಗೆಯುವ ಚಾಳಿ: 20 ಡೆಸಿಬೆಲ್ ತಡೆಯುವ ಬಿರಡೆಯನ್ನು ಅರ್ಧ ಹೊತ್ತು ತೆಗೆದಿಟ್ಟರೆ ಸಿಗುವ ಒಟ್ಟು ರಕ್ಷಣೆ 10 ಅಲ್ಲ, ಸುಮಾರು 3. ಕಿವಿಗೆ ಬಿದ್ದ ಶಕ್ತಿ ಅರ್ಧವಷ್ಟೇ ಆಯಿತು, ಶಕ್ತಿ ಅರ್ಧವಾದರೆ ಇಳಿಯುವುದು 3 ಡೆಸಿಬೆಲ್.

ಎಳೆಯ ಅಭಿಮಾನಿ ಮನೆಗೊಯ್ಯುವ ಇನ್ನೊಂದು ನಂಬಿಕೆ, ‘ತಂಡ ಮುಗಿಸಿ ಒಳಹೋದರೂ ನಾವು ಕೂಗಿದ್ದಕ್ಕೆ ಮತ್ತೆ ಬಂದರು.’ ವೇದಿಕೆಯ ನೆಲಕ್ಕೆ ಗ್ಯಾಫರ್ ಟೇಪಿನಿಂದ ಅಂಟಿಸಿರುವ ಹಾಡಿನ ಪಟ್ಟಿ ನೋಡಿದವರಿಗೆ ಗೊತ್ತು. ದಪ್ಪಕ್ಷರದ ಹಾಳೆ, ಹಾಡಿನ ಹೆಸರು ತುಂಡು ಮಾಡಿ ಬರೆದದ್ದು, ಪಕ್ಕದಲ್ಲಿ ಗಿಟಾರ್ ಬದಲಿಸುವ ಗುರುತು, ಕೆಳಗೊಂದು ಅಡ್ಡಗೆರೆ, ಗೆರೆಯ ಕೆಳಗೆ ಎರಡೋ ಮೂರೋ ಹಾಡು. ಆ ಗೆರೆಯೇ ಅಭಿಮಾನಿಗಳ ಕೂಗು! ತಂಡ ಒಳಹೋದ ಮೇಲೆ ಮತ್ತೆ ಬರುತ್ತದೋ ಇಲ್ಲವೋ ತಿಳಿಯಲು ವೇದಿಕೆ ನೋಡಿದರೆ ಸಾಕು. ಸಭಾಂಗಣದ ದೀಪ ಹತ್ತಿಲ್ಲ, ಸ್ಪೀಕರಿನಲ್ಲಿ ಧ್ವನಿಮುದ್ರಿತ ಸಂಗೀತ ಹಾಕಿಲ್ಲ, ಕತ್ತಲಲ್ಲಿ ಸಣ್ಣ ಟಾರ್ಚ್ ಹಿಡಿದು ಒಬ್ಬರು ಗಿಟಾರಿನ ಶ್ರುತಿ ನೋಡುತ್ತಿದ್ದಾರೆ ಅಂದರೆ ಬರುತ್ತಾರೆ. ಕೇಬಲ್ ಸುತ್ತುವವರು ಕಂಡರೆ ಹೊರಡಿ. ಇದು ಗೊತ್ತಿದ್ದವರೂ ಕೂಗುತ್ತಾರೆ ಅನ್ನಿ.

ಇಷ್ಟೆಲ್ಲ ನೆನಪಿನಲ್ಲಿ ಹೇಗೆ ಉಳಿಯುತ್ತದೆ? ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳು ಮುಪ್ಪಿನಲ್ಲೂ ಬೇರೆ ವರ್ಷಗಳಿಗಿಂತ ದಟ್ಟವಾಗಿರುತ್ತವೆ ಅನ್ನುವುದು ಮನೋವಿಜ್ಞಾನದಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ದಟ್ಟ ಅಂದಮಾತ್ರಕ್ಕೆ ಸರಿ ಅಂತಲ್ಲ. 1986ರ ಜನವರಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮಾರನೇ ದಿನ ಮನೋವಿಜ್ಞಾನಿ ಉಲ್ರಿಕ್ ನೈಸರ್ ತನ್ನ ವಿದ್ಯಾರ್ಥಿಗಳಿಂದ ‘ಸುದ್ದಿ ಕೇಳಿದಾಗ ಎಲ್ಲಿದ್ದಿರಿ’ ಅಂತ ಬರೆಸಿಕೊಂಡ. ಎರಡೂವರೆ ವರ್ಷದ ನಂತರ ಅದೇ ಪ್ರಶ್ನೆ ಕೇಳಿದಾಗ ಸುಮಾರು ಕಾಲುಭಾಗ ಜನರ ಉತ್ತರ ಪೂರ್ತಿ ತಪ್ಪಿತ್ತು. ಅದೂ ಗಟ್ಟಿ ದನಿಯ ತಪ್ಪು. ತಮ್ಮದೇ ಕೈಬರಹ ತೋರಿಸಿದರೂ ಈಗಿನ ನೆನಪೇ ಸರಿ ಅಂದವರಿದ್ದರು.

ಕನ್ಸರ್ಟ್ ನೆನಪಿನಲ್ಲಿ ಆಗುವ ತಪ್ಪುಗಳಿಗೂ ಒಂದು ಜಾಡು ಇದೆ. ಎರಡು ವರ್ಷದ ಎರಡು ಕಾರ್ಯಕ್ರಮ ಒಂದಾಗುತ್ತವೆ. ಆಮೇಲೆ ನೂರು ಸಲ ಕೇಳಿದ ಲೈವ್ ಆಲ್ಬಮ್ಮಿನ ಮಾತುಗಳು ‘ಅವತ್ತು ಅವರೇ ಹೇಳಿದ್ದು’ ಆಗುತ್ತವೆ. ಹೆಸರಾದ ಹಾಡು ಯಾವಾಗಲೂ ಕೊನೆಗೆ ಜಾರುತ್ತದೆ. ಜೊತೆಗಿದ್ದವರಲ್ಲಿ ಒಬ್ಬರು ಬದಲಾಗುತ್ತಾರೆ. ಅದಕ್ಕೇ ಮಾರನೇ ಬೆಳಿಗ್ಗೆ, ಯಾರ ಹತ್ತಿರವೂ ಮಾತಾಡುವ ಮೊದಲು, ಅರ್ಧ ಹಾಳೆ ಬರೆದಿಡಬೇಕು. ವೇದಿಕೆಗೆ ಮುಖ ಮಾಡಿದಾಗ ಎಡಕ್ಕೋ ಬಲಕ್ಕೋ, ಹತ್ತಿರದ ಸ್ಪೀಕರ್ ಕಂಬಕ್ಕೆ ಎಷ್ಟು ಹೆಜ್ಜೆ, ಮುಂದೆ ಯಾರ ಬೆನ್ನು, ನೆಲ ಹಸಿಯೋ ಒಣವೋ, ಎಷ್ಟು ಹೊತ್ತಿಗೆ ದೀಪ ಆರಿತು, ಯಾವ ಹಾಡಿಗೆ ಯಾವುದು ಕೆಟ್ಟಿತು. ಹಾಡಿನ ಪಟ್ಟಿ ಬೇರೆಯವರೂ ಬರೆದಿಟ್ಟಿರುತ್ತಾರೆ, ಅದಕ್ಕೆ ಒದ್ದಾಡಬೇಡಿ. ಆ ಬೆನ್ನಿನ ವಿಷಯ ಇನ್ನಾರೂ ಬರೆಯುವುದಿಲ್ಲ.

ಮೂವತ್ತು ವರ್ಷ ಆಗಿಹೋಗಿದ್ದರೆ? ಆಗ ಪತ್ತೇದಾರಿಯೇ ಗತಿ, ನನಗಂತೂ ಅದು ಖುಷಿಯ ಕೆಲಸ. ಚಂದ್ರನನ್ನೇ ತಗೊಳ್ಳಿ. ‘ಏಳು ಗಂಟೆಗೆ ಶುರುವಾದಾಗ ನೆತ್ತಿಯ ಮೇಲೆ ಹುಣ್ಣಿಮೆ ಚಂದ್ರ ಇದ್ದ’ ಅಂತ ಯಾರಾದರೂ ಹೇಳಿದರೆ ಅದು ಆಗದ ಮಾತು. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಮೂಡಿ ನಡುರಾತ್ರಿಯ ಹೊತ್ತಿಗೆ ತುತ್ತತುದಿ ಮುಟ್ಟುತ್ತಾನೆ. ಸಂಜೆಯೇ ನೆತ್ತಿಯ ಆಸುಪಾಸಿನಲ್ಲಿ ಇದ್ದಿದ್ದರೆ ಅವನು ಅರ್ಧಚಂದ್ರ. ಇಲ್ಲ, ತುಂಬು ಚಂದ್ರನೇ ಅನ್ನುವುದಾದರೆ ಒಂದೋ ಅದು ಕೊನೆಯ ಹಾಡಿನ ಹೊತ್ತು, ಇಲ್ಲವೇ ಅವನು ಪೂರ್ವದಲ್ಲಿ ತಗ್ಗಿನಲ್ಲಿದ್ದ, ಅಂದರೆ ವೇದಿಕೆ ಯಾವ ದಿಕ್ಕಿಗಿತ್ತು ಅನ್ನುವುದೂ ಗೊತ್ತಾಯಿತು. ಯಾವುದೇ ಹಳೆಯ ವರ್ಷದ ಹುಣ್ಣಿಮೆಗಳ ಪಟ್ಟಿ ಸಿಗುತ್ತದೆ. ಚಂದ್ರ, ವಾರ, ಮಾರನೇ ದಿನ ಪರೀಕ್ಷೆಯಿತ್ತೇ ಅನ್ನುವುದು, ಈ ಮೂರನ್ನು ಸೇರಿಸಿದರೆ ಕಳೆದುಹೋದ ತಾರೀಕು ಎಷ್ಟೋ ಸಲ ಕೈಗೆ ಸಿಕ್ಕುತ್ತದೆ.

ಫೋಟೋಗಳ ಬಗ್ಗೆ ಒಂದು ಮಾತು. ಮನೋವಿಜ್ಞಾನಿ ಲಿಂಡಾ ಹೆಂಕೆಲ್ ಮ್ಯೂಸಿಯಂ ಒಂದರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುವಿನ ಪೂರ್ತಿ ಫೋಟೋ ತೆಗೆದವರಿಗೆ ಬರೀ ನೋಡಿದವರಿಗಿಂತ ಕಡಿಮೆ ನೆನಪಿತ್ತು. ಆದರೆ ಒಂದು ಸಣ್ಣ ಭಾಗಕ್ಕೆ ಜೂಮ್ ಮಾಡಿ ತೆಗೆದವರಿಗೆ ಆ ನಷ್ಟವಾಗಲಿಲ್ಲ. ಕೈ ಎತ್ತಿ ಹಿಡಿದು ಇಡೀ ವೇದಿಕೆಯನ್ನು ಮುಕ್ಕಾಲು ಗಂಟೆ ಚಿತ್ರಿಸುವ ಬದಲು ಮೈಕ್ ಸ್ಟ್ಯಾಂಡಿಗೆ ಕಟ್ಟಿದ ಬಟ್ಟೆಯನ್ನೋ ಗಿಟಾರಿನ ಮೇಲಿನ ಗೀರನ್ನೋ ಒಂದು ಸಲ ಹಿಡಿದು ಫೋನ್ ಒಳಗಿಡಿ.

ಟಿಕೆಟ್ ಅಂತೂ ಹೆಚ್ಚಿನವರು ಕೈಯಾರೆ ಕೊಲ್ಲುವ ವಸ್ತು. ಹಳೆಯ ದಪ್ಪ ಕಾಗದಕ್ಕೆ ಶಾಯಿಯಲ್ಲಿ ಅಚ್ಚಾದವು ಹೇಗೋ ಬದುಕುತ್ತವೆ. ಆಮೇಲೆ ಬಂದ, ನುಣುಪಾದ ಬಿಳಿ ಥರ್ಮಲ್ ಪೇಪರಿನವು ಹಾಗಲ್ಲ. ಅದರಲ್ಲಿ ಶಾಯಿಯೇ ಇಲ್ಲ. ಕಾಗದಕ್ಕೆ ಬಳಿದ ಬಣ್ಣವಿಲ್ಲದ ರಂಗು ಮತ್ತು ಒಂದು ಆಮ್ಲೀಯ ವಸ್ತು, ಯಂತ್ರದ ಬಿಸಿ ತಲೆ ಮುಟ್ಟಿದಲ್ಲಿ ಕರಗಿ ಸೇರಿ ಕಪ್ಪಾಗುತ್ತವೆ. ಆ ಸೇರುವಿಕೆ ಹಿಂದಕ್ಕೂ ತಿರುಗಬಲ್ಲದು. ಬೆಳಕು, ಎಣ್ಣೆಗೈ, ಆಲ್ಕೋಹಾಲ್ ಇರುವ ಸ್ಯಾನಿಟೈಸರ್, ಸೆಲೋಟೇಪಿನ ಅಂಟು, ಎಲ್ಲಕ್ಕಿಂತ ಹೆಚ್ಚಾಗಿ ಮೆತ್ತನೆಯ ಪಿವಿಸಿ ಲಕೋಟೆಯನ್ನು ಮೆದುವಾಗಿಡುವ ಪ್ಲಾಸ್ಟಿಸೈಸರ್ ರಾಸಾಯನಿಕ, ಇವೆಲ್ಲ ಅಕ್ಷರ ಅಳಿಸುತ್ತವೆ. ಜೋಪಾನ ಮಾಡಲೆಂದು ಪರ್ಸಿನ ಪಾರದರ್ಶಕ ಕಿಸೆಯಲ್ಲಿ ಇಟ್ಟ ಟಿಕೆಟ್ ಕೆಲವೇ ವರ್ಷದಲ್ಲಿ ಬಿಳಿ ಚೀಟಿಯಾಗುವುದು ಇದರಿಂದಲೇ. ಇನ್ನು ಕೆಲವರು ಲ್ಯಾಮಿನೇಟ್ ಮಾಡಿಸುತ್ತಾರೆ. ಬಿಸಿ ಉರುಳೆಗಳ ನಡುವೆ ಹೋದ ಥರ್ಮಲ್ ಟಿಕೆಟ್ ಆಚೆ ಬರುವಾಗ ಪೂರ್ತಿ ಕರಿ, ಇದ್ದಿಲ ಹಾಗೆ. ಅದಕ್ಕೆ ಮದ್ದಿಲ್ಲ.

ಮಾಡಬೇಕಾದದ್ದು ಇಷ್ಟು: ಆ ವಾರವೇ 600 ಡಿಪಿಐನಲ್ಲಿ ಬಣ್ಣದ ಸ್ಕ್ಯಾನ್, ಎರಡೂ ಬದಿ. ಆಮೇಲೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಲಕೋಟೆ, ಆಮ್ಲರಹಿತ ಕಾಗದದ ನಡುವೆ, ಕತ್ತಲೆ ಮತ್ತು ತಂಪಿನ ಜಾಗ. ಅಂಟುಪುಟಗಳ ಹಳೆಯ ಆಲ್ಬಮ್ ಬೇಡವೇ ಬೇಡ. ಈಗಾಗಲೇ ಮಾಸಿದ್ದರೆ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಕೆಂಪು, ಹಸಿರು, ನೀಲಿ ಪದರಗಳನ್ನು ಬೇರೆ ಬೇರೆ ತೆರೆದು ಕಾಂಟ್ರಾಸ್ಟ್ ಏರಿಸಿ ನೋಡಿ. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುವುದುಂಟು. ಹೇರ್ ಡ್ರೈಯರ್ ಹಿಡಿಯಿರಿ ಅನ್ನುವ ಸಲಹೆ ಕೇಳಬೇಡಿ. ಒಂದು ಸೆಕೆಂಡ್ ಹೆಚ್ಚಾದರೆ ಉಳಿದದ್ದೂ ಹೋಯಿತು. ಟೀಶರ್ಟ್ ಆದರೆ ಒಳಗು ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯಿರಿ, ಚಿತ್ರದ ಮೇಲೆ ಇಸ್ತ್ರಿ ಇಡಬೇಡಿ, ಮಡಿಕೆ ಚಿತ್ರದ ಮೇಲೆ ಬೀಳದಿರಲಿ.

ಕೊನೆಗೆ ಕ್ಯಾಸೆಟ್. ಜೇಬಿನಲ್ಲಿ ರೆಕಾರ್ಡರ್ ಬಚ್ಚಿಟ್ಟುಕೊಂಡು ಹೋಗುತ್ತಿದ್ದ ಕಾಲದ, ಯಾರಿಗೂ ತೋರಿಸದ ಆ ಒಂದು ಕ್ಯಾಸೆಟ್. ಹೆಚ್ಚಾಗಿ ಅದು 90 ನಿಮಿಷದ್ದು, ಒಂದೊಂದು ಬದಿಗೆ 45. ಅದಕ್ಕೇ ಅಂಥ ಮುದ್ರಣಗಳಲ್ಲಿ ನಲವತ್ತೈದನೇ ನಿಮಿಷದಲ್ಲಿ ಒಂದು ಹಾಡು ನಡುವೆ ತುಂಡಾಗುತ್ತದೆ: ಕಟ್, ಕತ್ತಲಲ್ಲಿ ತಡಕಾಡಿ ಬದಿ ತಿರುಗಿಸುವ ಖಟಪಟ, ಮತ್ತೆ ಹಾಡಿನ ಬಾಲ. ಡಿಜಿಟಲ್‌ಗೆ ತಿರುಗಿಸುವ ಮುನ್ನ ಚಿಪ್ಪಿನ ಕಿಂಡಿಯಲ್ಲಿ ಬಿಳಿ ಬೂಷ್ಟು ಇದೆಯೇ ನೋಡಿ. ಇದ್ದರೆ ಯಂತ್ರಕ್ಕೆ ಹಾಕಬೇಡಿ, ಟೇಪಿನಿಂದ ದನಿ ಓದುವ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಟೇಪಿನ ಹಿಂದೆ ತಾಮ್ರದ ಪಟ್ಟಿಗೆ ಅಂಟಿರುವ ಪುಟ್ಟ ಒತ್ತುಮೆತ್ತೆ ಉದುರಿದ್ದರೆ ದನಿ ಹೊಯ್ದಾಡುತ್ತದೆ. ಆಗ ಸ್ಕ್ರೂ ಇರುವ ಬೇರೆ ಚಿಪ್ಪಿಗೆ ಸುರುಳಿಯನ್ನು ವರ್ಗಾಯಿಸಬೇಕು. ವರ್ಷಗಟ್ಟಲೆ ಬಿಗಿದು ಕೂತ ಟೇಪನ್ನು ಒಮ್ಮೆ ಕೊನೆಯವರೆಗೆ ಮುಂದಕ್ಕೋಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ. ಹೆಡ್ ಮತ್ತು ರಬ್ಬರ್ ಉರುಳೆಯ ಪಕ್ಕದ ಲೋಹದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಆಮೇಲೆ ಅಜಿಮತ್, ಅಂದರೆ ಟೇಪಿಗೆ ಹೆಡ್ ಕೂತಿರುವ ಕೋನ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ದನಿಯನ್ನು ಮೋನೋದಲ್ಲಿ ಕೇಳುತ್ತಾ, ತಾಳದ ತಟ್ಟೆಗಳು ಎಲ್ಲಿ ಅತಿ ಹೊಳಪಾಗಿ ಕೇಳುತ್ತವೋ ಅಲ್ಲಿ ನಿಲ್ಲಿಸಿ. ಮಂಕು ಅಂತ ಕೈಬಿಟ್ಟ ಎಷ್ಟೋ ಮುದ್ರಣಗಳು ಈ ಒಂದು ಸ್ಕ್ರೂವಿನಿಂದ ಕಣ್ಣು ಬಿಡುತ್ತವೆ. 24 ಬಿಟ್, 48 ಕಿಲೋಹರ್ಟ್ಜ್ ವೇವ್ ಫೈಲು, ಅತಿ ಜೋರಿನ ಕಡೆಯೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ, ಬದಿಯನ್ನು ನಡುವೆ ನಿಲ್ಲಿಸದೆ ಪೂರ್ತಿ ಓಡಿಸಿ.

ಶಬ್ದ ಶುದ್ಧಿಯ ಸಾಫ್ಟ್‌ವೇರ್ ಬಳಸುವುದಿದ್ದರೆ ಪ್ರತಿಯ ಮೇಲೆ ಬಳಸಿ, ಮೂಲವನ್ನು ಮುಟ್ಟಬೇಡಿ. ಯಾಕೆಂದರೆ ಆ ಸಾಫ್ಟ್‌ವೇರ್ ಮೊದಲು ಕಸ ಅಂತ ಗುಡಿಸುವುದು ಮೈಕಿನ ಹತ್ತಿರದವರನ್ನು. ದೂರ ಇಮ್ಮಡಿಯಾದಂತೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ ಜೇಬಿನಿಂದ ಅರ್ಧ ಮೀಟರ್ ದೂರದಲ್ಲಿ ಅರಚುವ ಗಂಟಲು ನಲವತ್ತು ಮೀಟರ್ ದೂರದ ದೈತ್ಯ ಸ್ಪೀಕರಿಗೆ ಸರಿಸಮ ನಿಲ್ಲುತ್ತದೆ. ವೇದಿಕೆಯ ಗಾಯಕರ ಉತ್ತಮ ಮುದ್ರಣಗಳು ಬೇಕಾದಷ್ಟಿವೆ. ಶ್ರುತಿ ಬಿಟ್ಟು, ಸಾಲು ತಪ್ಪಿ, ಉಸಿರು ಸಿಕ್ಕಿಕೊಂಡು ಜೊತೆಗೆ ಹಾಡುತ್ತಿರುವ ಆ ಹದಿನೇಳರ ಪ್ರಾಯದ ಗೆಳೆಯನ ದನಿ ಈ ಒಂದು ಟೇಪಿನಲ್ಲಿ ಮಾತ್ರ ಇದೆ. ಫೈಲಿಗೆ ಹೆಸರು ಕೊಡುವಾಗ ತಂಡದ ಹೆಸರು, ತಾರೀಕು ಹಾಕಿದ ಮೇಲೆ ಅವನ ಹೆಸರನ್ನೂ ಸೇರಿಸಿ, ಎಷ್ಟನೇ ನಿಮಿಷದಲ್ಲಿ ಕೇಳುತ್ತಾನೆ ಅನ್ನುವುದನ್ನೂ.